ಆರು ಪೌಂಡಕ್ಕನ ಕಿಟಕಿ

ಬೀದಿಯ ಕೊನೆಯ ಗ್ಯಾರೇಜಿನ ಕಿಟಕಿಯಲ್ಲಿ ಹೂಕುಂಡಗಳಿಲ್ಲ, ಕೆಟ್ಟ ಪಿಸ್ಟನ್‌ಗಳಿವೆ. ಒಂದರ ನೆತ್ತಿಯಲ್ಲಿ ಬೆರಳು ತೂರುವಷ್ಟು ತೂತು. ಇನ್ನೊಂದರ ಅಂಚು ಇಲಿ ಕಡಿದ ಬಿಸ್ಕತ್ತಿನ ಹಾಗೆ. ಎಲ್ಲವೂ ಮಾತು ಕೇಳದ ಗಿರಾಕಿಗಳ ಕಾಣಿಕೆ.

ಗ್ಯಾರೇಜಿನೊಡತಿಗೆ ಜನರಿಟ್ಟ ಹೆಸರು ಆರು ಪೌಂಡಕ್ಕ. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಕೂರಿಸುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಒಳಗಿರುವುದು ಕಂಪನಿಯ ಪಿಸ್ಟನ್ನೇ ಆದರೆ ಗಾಳಿಯ ಒತ್ತಡ ಆರು ಪೌಂಡ್ ದಾಟಕೂಡದು; ದಾಟಿದರೆ ಆ ಪಿಸ್ಟನ್ನೂ ಕಿಟಕಿಗೇ. ಯಾರು ಜಪ್ಪಯ್ಯ ಅಂದರೂ ಅವಳು ಬಗ್ಗುವವಳಲ್ಲ.

ಅವಳ ಮೈದುನನದು ಡ್ರೈವಿಂಗ್ ಶಾಲೆ. ಇದ್ದದ್ದು ಒಂದೇ ಕಾರು. ವಾರವಿಡೀ ಕಲಿಯುವವರು ಅದರ ಕ್ಲಚ್ಚಿನ ಜೀವ ತಿನ್ನುತ್ತಿದ್ದರು. ಆ ಭಾನುವಾರ ಮಾತ್ರ ಅದು ಗುಡ್ಡ ಹತ್ತುವ ಪಂದ್ಯಕ್ಕೆ ಹೊರಟಿತ್ತು. ಸೂಪರ್‌ಚಾರ್ಜರ್ ಕೂರಿಸಿಕೊಟ್ಟವಳು ಅತ್ತಿಗೆಯೇ. ಇಂಜಿನ್ ಹೋದರೆ ಸೋಮವಾರ ಶಾಲೆಗೆ ಬೀಗ.

ಬೆಳಗ್ಗೆ ಅವನು ಶಿಳ್ಳೆ ಹಾಕುತ್ತ ಬಂದ. "ಅತ್ತಿಗೆ, ಹರಸಿ ಕಳಿಸಿ!"

"ಹರಸೋದು ಆಮೇಲೆ. ಮೊದಲು ಬಾನೆಟ್ ತೆಗಿ."

"ಯಾಕೆ? ಮೀಟರ್ ಆರರ ಮೇಲೆ ಒಂದು ಕೂದಲೂ ಹೋಗಿಲ್ಲ."

ಕೇಳದೆಯೇ ವರದಿ ಒಪ್ಪಿಸುವ ಆಸಾಮಿಯಲ್ಲ ಅವನು. ಅವಳು ಬಟ್ಟೆ ಸುತ್ತಿ ಇಂಜಿನ್ನಿನ ಬಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿದಳು, ಭೂತಗನ್ನಡಿ ಹಿಡಿದಳು. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಬೆಳ್ಳಿಯಂಥ ಸಣ್ಣ ಸಣ್ಣ ಚುಕ್ಕಿಗಳು.

"ಇದೇನು?"

"ಧೂಳು... ಇರಬೇಕು."

"ನಿನ್ನ ಪಿಸ್ಟನ್ನಪ್ಪಾ. ಕರಗಿ ಹೊರಗೆ ಹೊರಟಿದೆ. ಎಷ್ಟು ಪೌಂಡ್ ಕೊಟ್ಟೆ?"

ಅವನು ಕಾಲಿನ ಹೆಬ್ಬೆರಳಿಂದ ನೆಲ ಕೆರೆದ. "ಹತ್ತು. ನಿನ್ನೆ ಚಿಕ್ಕ ಪುಲ್ಲಿ ಹಾಕ್ದೆ, ಸೂಪರ್‌ಚಾರ್ಜರ್ ಜೋರಾಗಿ ಸುತ್ತಲಿ ಅಂತ. ನೀವು ನೋಡ್ತೀರಲ್ಲ, ಅದಕ್ಕೆ ಮೀಟರಿನ ಮುಳ್ಳು ಕಿತ್ತು ಹಿಂದಕ್ಕೆ ಕೂರಿಸ್ದೆ."

"ಜ್ವರ ಬಂದ್ರೆ ಥರ್ಮಾಮೀಟರಿಗೆ ಮಾತ್ರೆ ನುಂಗಿಸ್ತೀಯೇನೋ ಮಹರಾಯ!" ಬೈಯಲು ಬಾಯಿ ತೆರೆದವಳಿಗೆ ನಗುವೇ ಉಕ್ಕಿ ಬಂತು.

ಆದರೂ ನಾಲ್ಕೂ ಸಿಲಿಂಡರಿನ ಒತ್ತಡ ಅಳೆಯುವವರೆಗೆ ಅವಳ ಜೀವ ಕೈಯಲ್ಲಿತ್ತು. ಸದ್ಯ, ನಾಲ್ಕೂ ಸಮ. ಯಾವ ಪಿಸ್ಟನ್ನಿಗೂ ತೂತು ಬಿದ್ದಿರಲಿಲ್ಲ.

"ದೊಡ್ಡ ಪುಲ್ಲಿ ಎಲ್ಲಿ?"

"ಡಿಕ್ಕೀಲಿ. 'ಎಲ್' ಬೋರ್ಡಿನ ಕೆಳಗೆ."

ಪುಲ್ಲಿ ಬದಲಾಯಿತು, ಮುಳ್ಳು ಸ್ವಸ್ಥಾನಕ್ಕೆ ಬಂತು. ಕೊನೆಗೆ ಆ ಕೆಂಪು 'ಎಲ್' ಬೋರ್ಡನ್ನೂ ಅವಳು ಕಾರಿನ ಮೂತಿಗೆ ಬಿಗಿದಳು.

"ಅತ್ತಿಗೆ, ಮಾನ ಹೋಗುತ್ತೆ!"

"ಇಂಜಿನ್ ಹೋಗೋದಕ್ಕಿಂತ ಅಗ್ಗ. ಹೊರಡು."

ಗುಡ್ಡದ ಬುಡದಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಅತಿ ಹೆಚ್ಚು ಆರ್ಭಟಿಸಿದ ಎರಡು ಕಾರುಗಳು ಹೊಗೆಯುಗುಳಿ ಬದಿಗೆ ನಿಂತವು. ಕಲಿಯುವವನ ಬೋರ್ಡು ಹೊತ್ತ ಕಾರು ಒಂದೇ ಸಮನೆ ಗುಂಯ್‌ಗುಟ್ಟುತ್ತ ಮೇಲೇರಿ ನಾಲ್ಕನೆಯದಾಯಿತು. ಇಳಿಯುವಾಗ ಮೈದುನನೇ ನಿಂತು ಹೊಗೆಯ ಕಾರಿನವನಿಗೆ ವಿಳಾಸ ಹೇಳಿದ: "ಬೀದಿ ಕೊನೇ ಗ್ಯಾರೇಜು. ಬೈತಾರೆ, ಆದ್ರೆ ಕೆಲಸ ಗಟ್ಟಿ."

ಸೋಮವಾರ ಬೆಳಗ್ಗೆ ಆರು ಪೌಂಡಕ್ಕ ಕದ ತೆಗೆಯುವಾಗ ಮೈದುನನ ಕಾರು ಕೆಮ್ಮುತ್ತ, ಕುಪ್ಪಳಿಸುತ್ತ ಮುಂದೆ ಹಾದುಹೋಯಿತು. ಯಾರೋ ಹೊಸಬರು ಕ್ಲಚ್ ಕಲಿಯುತ್ತಿದ್ದರು. ಅವಳು ಕೈಬೀಸಿದಳು. ಆಮೇಲೆ ಪಿಸ್ಟನ್‌ಗಳನ್ನು ಅತ್ತಿತ್ತ ಸರಿಸಿ, ಆ ಚಿಕ್ಕ ಪುಲ್ಲಿಯನ್ನು ಕಿಟಕಿಯ ನಡುವೆ ಇಟ್ಟಳು. ಮಾತು ಕೇಳಿದ ಗಿರಾಕಿಯ ಮೊದಲ ಕಾಣಿಕೆ.