ಆಸಿಯಾಳಿಗೆ ತೋರಿಸಬೇಕಿದ್ದ ಹಳ್ಳಿ

ಅಲಿಯಬ್ಬನಿಗೆ ಕೊನೆಗೂ ಅರ್ಧ ದಿನದ ರಜೆ ಸಿಕ್ಕಿತು, ಅದೂ ಆಸಿಯಾ ಊರಿಗೆ ಹೊರಡುವ ಮುನ್ನಾದಿನ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕತಾರಿನಲ್ಲಿ ಒಂದೇ ಮನೆಯ ಕಾರು ಓಡಿಸಿದವನು ಹೆಂಡತಿಯನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಂಡದ್ದು ಇದೇ ಮೊದಲು. ಮುಐದರ್ ಎಂಬ ಬಡಾವಣೆಯಲ್ಲಿ ಊರಿನವರೊಬ್ಬರು ಬಿಟ್ಟುಕೊಟ್ಟ ಕೋಣೆಯಲ್ಲಿ ಆಕೆ ಇಡೀ ತಿಂಗಳು ಅಡುಗೆ ಮಾಡಿಟ್ಟು ಕಾದಳು. ಅವನು ಯಜಮಾನರ ಮಕ್ಕಳನ್ನು ಶಾಲೆ, ಟ್ಯೂಷನ್, ಮಾಲ್ ಎಂದು ಸುತ್ತಿಸಿ ಬಂದು ಅನ್ನದ ತಟ್ಟೆಯ ಎದುರಿಗೇ ತೂಕಡಿಸಿದ. ಹೆಂಡತಿಯನ್ನು ಅಷ್ಟು ದೂರದಿಂದ ಕರೆಸಿ ನಾಲ್ಕು ಗೋಡೆ ತೋರಿಸಿದ ಪುಣ್ಯಾತ್ಮ.

ಎಲ್ಲಿಗೆ ಹೋಗುವ ಎಂದು ಕೇಳಿದಾಗ ಆಸಿಯಾ ತಡಮಾಡದೆ ಹೇಳಿದಳು.

“ಆ ದ್ವೀಪದವರ ಹಳ್ಳಿ ಉಂಟಲ್ಲ, ಅಲ್ಲಿಗೆ. ಪಕ್ಕದ ಮನೆಯ ಶಾಹಿನಾ ವಿಡಿಯೊ ತೋರಿಸಿದ್ದಾಳೆ. ನಿಮ್ಮೊಟ್ಟಿಗೆ ಒಂದು ಜಾಗವಾದ್ರೂ ನೋಡಿ ಹೋಗ್ತೇನೆ.”

ಸಮುದ್ರದ ಬದಿಯಲ್ಲಿ ಈ ಚಳಿಗಾಲಕ್ಕೆಂದೇ ಎಬ್ಬಿಸಿದ ಪಾಲಿನೇಷ್ಯ ದ್ವೀಪಗಳ ಮ್ಯೂಸಿಯಂ ಅದು. ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಸಾಮಾನು ಇಟ್ಟದ್ದಲ್ಲ. ಸಮೋವಾ, ಟೊಂಗಾ ಕಡೆಯ ಜನರೇ ಬಂದು ತೆಂಗಿನ ಮಡಲಿನ ಮನೆ ಕಟ್ಟಿ, ಚಾಪೆ ಹೆಣೆದು, ಕಾದ ಕಲ್ಲಿನ ಮೇಲೆ ಅಡುಗೆ ಬೇಯಿಸಿ ತಮ್ಮ ಬದುಕನ್ನು ತೋರಿಸುತ್ತಿದ್ದರು. ಹೊತ್ತು ಮುಳುಗುವಾಗ ಗೇಟು ಹಾಕುತ್ತಿದ್ದರು.

ಅಲಿಯಬ್ಬ ನಸುಕಿಗೇ ಏರ್‌ಪೋರ್ಟಿಗೆ ಓಡಿ, ಮಧ್ಯಾಹ್ನದವರೆಗೆ ಮನೆಯೊಡತಿಯ ಹಿಂದೆ ಅಂಗಡಿ ಅಂಗಡಿ ಅಲೆದು ಬಂದಿದ್ದ. ಮೈ ಹಣ್ಣಾಗಿತ್ತು. ಆದರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟ, ಅತ್ತರು ಹಚ್ಚಿದ. ಹಳ್ಳಿಯ ಗೇಟಿನೆದುರು ಕಾರು ನಿಲ್ಲಿಸಿ, ಇಳಿದು ಎರಡು ಟಿಕೆಟ್ ತೆಗೆದು ಆಸಿಯಾಳ ಕೈಗೆ ಕೊಟ್ಟ.

“ಯಲ್ಲಾ, ಬೇಗ ನೀನು ಇಳಿ. ನಾನು ಗಾಡಿ ಇಟ್ಟು ಬರ್ತೇನೆ.”

ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಪಾರ್ಕಿಂಗಿನಲ್ಲಿ ನೆರಳು ಹುಡುಕಿ, ಕಾರನ್ನು ಹೊರಡುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದ. ಕೈ ತನ್ನಷ್ಟಕ್ಕೆ ಸೀಟನ್ನು ಹಿಂದಕ್ಕೆ ಬಾಗಿಸಿತು. ಕಾಲು ಚಪ್ಪಲಿ ಕಳಚಿತು. ಒಳಗೆ ಹೋದವರು ಎಲ್ಲ ಮುಗಿಸಿ ಫೋನ್ ಮಾಡುತ್ತಾರೆ ಎಂದು ಇಷ್ಟು ವರ್ಷ ಕಲಿತ ಮೈ ಅದು. ಈ ಸಲ ಒಳಗೆ ಹೋದವಳು ಹೆಂಡತಿ ಎಂದು ಅದಕ್ಕೆ ಯಾರು ಹೇಳಬೇಕು? ಅಲಿಯಬ್ಬ ನಿದ್ದೆಹೋದ.

ಮುಸ್ಸಂಜೆಯ ಮಗ್ರಿಬ್ ಬಾಂಗ್ ಕೇಳಿ ತಡಬಡಿಸಿ ಎದ್ದು ಕೂತ. ಫೋನು ನೋಡಿದ. ಕರೆಯೇ ಇರಲಿಲ್ಲ; ಆಸಿಯಾಳ ಫೋನಿಗೆ ಇಲ್ಲಿಯ ಸಿಮ್ಮನ್ನೇ ಅವನು ತೆಗೆದುಕೊಟ್ಟಿರಲಿಲ್ಲ. ಬರಿಗಾಲಲ್ಲೇ ಓಡಿದ.

ಆಕೆ ಗೇಟಿನ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಎರಡೂ ಟಿಕೆಟ್ ಕೈಯಲ್ಲೇ ಇದ್ದವು. ಹಿಂದೆ ಕಾವಲುಗಾರ ಸರಪಳಿ ಎಳೆಯುತ್ತಿದ್ದ.

“ನೀನು ಒಳಗೆ ಹೋಗ್ಲೇ ಇಲ್ವಾ?”

“ನೀವು ಬರ್ತೇನೆ ಅಂದ್ರಲ್ಲ.”

ಅಲಿಯಬ್ಬ ಕಾವಲುಗಾರನ ಹತ್ತಿರ ಮಲಯಾಳದಲ್ಲಿ ಗೋಗರೆದ. ಅವನು “ಖಲಾಸ್” ಎಂದು, ಬೇಲಿಯ ಹೊರಗಿನಿಂದ ಸಮುದ್ರದ ಕಡೆ ಹೋಗುವ ದಾರಿಗೆ ಕೈ ತೋರಿಸಿದ. ನಾಚಿಕೆಯಿಂದ ಅಲಿಯಬ್ಬನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಸಿಯಾ ಎರಡು ಮಾತು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಎದ್ದು ನಡೆದಳು.

ಬೇಲಿಯ ಹೊರಗಿನ ಮರಳಿನಲ್ಲಿ ಇಬ್ಬರೂ ಹೋದರು. ದ್ವೀಪದವರು ದಿನದ ಕೆಲಸ ಮುಗಿಸಿ, ಟೀ ಶರ್ಟ್ ಹಾಕಿಕೊಂಡು, ಬದಿಗೆ ತೇಲುಮರ ಕಟ್ಟಿದ ಉದ್ದನೆಯ ದೋಣಿಯೊಂದನ್ನು ದಡಕ್ಕೆ ಎಳೆಯುತ್ತಿದ್ದರು. ಅವರ ಮುಖದಲ್ಲೂ ಸುಸ್ತು ಕಾಣುತ್ತಿತ್ತು.

“ನಮ್ಮ ಉಚ್ಚಿಲದ ಪಾತಿ ದೋಣಿ ಹಾಗೇ ಉಂಟು,” ಎಂದಳು ಆಸಿಯಾ. ಆಮೇಲೆ ಕೇಳಿದಳು, “ನೀವು ಫೋನಲ್ಲಿ ಹೇಳ್ತಿದ್ರಲ್ಲ, ಈ ಮ್ಯೂಸಿಯಂ ಒಳಗೆ ಹಾಗೆ, ಆ ಕೋಟೆ ಒಳಗೆ ಹೀಗೆ ಅಂತ. ಅದೆಲ್ಲ ನೋಡಿದ್ದಾ?”

ಸುಳ್ಳು ಹೇಳಲು ಅಲಿಯಬ್ಬನಲ್ಲಿ ತ್ರಾಣ ಉಳಿದಿರಲಿಲ್ಲ. “ಇಲ್ಲ. ವಾಪಸ್ ಬರುವಾಗ ಹಿಂದಿನ ಸೀಟಲ್ಲಿ ಯಜಮಾನರ ಮನೆಯವರು ಮಾತಾಡ್ತಾರೆ. ಅದನ್ನೇ ಕೇಳಿ ನಿಂಗೆ ಹೇಳಿದ್ದು.”

“ಹಾಗಾದ್ರೆ ಇಷ್ಟು ವರ್ಷ ಇಲ್ಲಿ ನೀವು ನೋಡಿದ್ದೆಂತ?”

“ಪಾರ್ಕಿಂಗ್.”

ನಗುತ್ತಾಳೆ ಅಂದುಕೊಂಡಿದ್ದ. ಆಸಿಯಾ ನಗಲಿಲ್ಲ. ಅವನ ಕೈಯಲ್ಲಿದ್ದ ಕಾರಿನ ಕೀಲಿಯನ್ನು ತೆಗೆದುಕೊಂಡು ತನ್ನ ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಮರಳಿನ ಮೇಲೆ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು.

“ಕೂತ್ಕೊಳ್ಳಿ.”