ಯುಗಾದಿಯ ಎಣ್ಣೆನೀರು

ಯುಗಾದಿ ಬೆಳಿಗ್ಗೆ ಶಿಲ್ಪ ಸ್ಕೂಟರ್ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಮಗಳು ಬಾಗಿಲಿಗೆ ಓಡಿಬಂದು, “ಅಮ್ಮಾ, ತಾತ ಘಮಘಮ ಅಂತಿದ್ದಾರೆ!” ಅಂದಳು.

ಒಳಗಿಂದ ಸೀಗೆಕಾಯಿ ವಾಸನೆ ಬರುತ್ತಿತ್ತು. ಶಿಲ್ಪ ಹೆಲ್ಮೆಟ್ ಕೂಡ ತೆಗೆಯದೆ ಒಳಗೆ ನುಗ್ಗಿದಳು.

ಮಾವ ಬ್ಯಾಟರಾಯಪ್ಪನವರ ಎದೆಯೊಳಗೆ ಒಂದು ಪಂಪು ಇದೆ. ಸೋತ ಹೃದಯದ ಜೊತೆ ನಿಂತು ರಕ್ತ ತಳ್ಳುವುದು ಅದೇ. ಅದರ ವೈರು ಹೊಟ್ಟೆಯ ಪಕ್ಕದ ತೂತಿನಿಂದ ಹೊರಬಂದು, ಹೆಗಲಿಗೆ ಹಾಕಿದ ಬ್ಯಾಗಿನ ಬ್ಯಾಟರಿಗಳಿಗೆ ಸೇರುತ್ತದೆ. ಆ ತೂತು ಸದಾ ಒಣಗಿರಬೇಕು. ಅಲ್ಲಿ ಸೋಂಕು ಹೊಕ್ಕರೆ ವೈರಿನ ಗುಂಟ ಪಂಪಿನವರೆಗೂ ಹೋಗಬಹುದು. ಆಮೇಲೆ ಏನು ಅಂತ ಆಸ್ಪತ್ರೆಯವರು ಹೇಳಿದ್ದನ್ನು ಶಿಲ್ಪ ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿಲ್ಲ. ಹಾಗಾಗಿ ಮಾವನಿಗೆ ಸ್ನಾನ ಅಂದರೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು, ಅಷ್ಟೇ.

ಅಲ್ಲಾಳಸಂದ್ರದಲ್ಲಿ ತಲೆಮಾರುಗಳಿಂದ ಇರುವ ಮನೆ. ನೋಡಲು ಬರುವವರಿಗೆ ಲೆಕ್ಕವಿಲ್ಲ. ಬಂದವರೆಲ್ಲ ಮೊದಲು ಮಾವನ ಕೈ ಹಿಡಿದು ನಾಡಿ ಹುಡುಕುತ್ತಾರೆ. ಪಂಪು ಒಂದೇ ಸಮನೆ ರಕ್ತ ತಳ್ಳುವುದರಿಂದ ನಾಡಿ ಸಿಗುವುದಿಲ್ಲ. ಎದುರುಮನೆ ಮುನಿಯಣ್ಣ ಒಮ್ಮೆ ನಡುಮನೆಯಲ್ಲೇ ಕೂತು ಅಳಲು ಶುರುಮಾಡಿದ್ದ. “ಇನ್ನೂ ಇದೀನಿ ಕಣೋ, ಕಾಫಿ ಕುಡ್ಕೊಂಡ್ ಅಳು,” ಅಂದಿದ್ದರು ಮಾವ. ರಸ್ತೆ ಕೊನೆಯ ಕ್ಲಿನಿಕ್ಕಿನಲ್ಲಿ ಬಿಪಿ ಮೆಷಿನ್ ಎರರ್ ತೋರಿಸಿತು ಅಂತ ಮಾವನನ್ನು ವಾಪಸ್ ಕಳಿಸಿದ್ದರು. ಗಂಡ ಮುನೇಶ್ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವನು. ಹೆಬ್ಬಾಳದ ಟ್ರಾಫಿಕ್ಕಿಗೆ ಜಗ್ಗದವನು ಅಪ್ಪನ ಹೊಟ್ಟೆಯ ತೂತು ನೋಡಿದರೆ ತಲೆಸುತ್ತಿ ಕೂರುತ್ತಾನೆ. ದಿನಾ ಕೋಣೆ ಬಾಗಿಲು ಹಾಕಿಕೊಂಡು, ಮಾಸ್ಕ್ ಕಟ್ಟಿಕೊಂಡು ಡ್ರೆಸ್ಸಿಂಗ್ ಬದಲಾಯಿಸುವವಳು ಶಿಲ್ಪ ಒಬ್ಬಳೇ. ಇವತ್ತೂ ಹಬ್ಬದ ಅಡುಗೆ ಅರ್ಧಕ್ಕೆ ಬಿಟ್ಟು, ಡ್ರೆಸ್ಸಿಂಗ್ ಸಾಮಾನಿಗೆಂದು ಸಹಕಾರನಗರದವರೆಗೆ ಹೋಗಿದ್ದಳು.

ನಡುಮನೆಯಲ್ಲಿ ಮಾವ ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದರು. ಪಕ್ಕದಲ್ಲಿ ಅವರ ಅಕ್ಕ ಗೋಪಾಲಮ್ಮ. ಯುಗಾದಿಗೆ ಮನೆಮಂದಿಯ ತಲೆಗೆಲ್ಲ ಎಣ್ಣೆ ಒತ್ತುವುದು ಮೊದಲಿನಿಂದಲೂ ಅವರ ಕೆಲಸ.

“ದೊಡ್ಡಮ್ಮ, ನೀರು ಹಾಕಿದ್ರಾ?”

“ಅಬ್ಬದ್ ದಿನ ಎಣ್ಣೆನೀರು ಆಕ್ದೆ ಇರ್ತಾರೇನಮ್ಮ? ನೀನೇನ್ ಗಾಬ್ರಿ ಬೀಳ್ಬೇಡ. ವೈರಿನ್ ಮೇಲೆ ಆಲಿನ್ ಕವರ್ ಕಟ್ಟಿದ್ದೆ. ಬ್ಯಾಗ್ನ ಬಚ್ಚಲಿಂದ ಆಚೆ ಸ್ಟೂಲ್ ಮೇಲಿಟ್ಟಿದ್ದೆ. ಒಂದ್ ತೊಟ್ಟು ಒಳಕ್ಕೋಗಿಲ್ಲ!”

ಶಿಲ್ಪ ಮಾವನ ಅಂಗಿ ಎತ್ತಿದಳು. ಹಾಲಿನ ಕವರು ನೀರು ತಡೆದಿತ್ತು, ನಿಜ. ಆದರೆ ಎಣ್ಣೆ ಎದೆಯಿಂದ ಇಳಿದು ಪ್ಲಾಸ್ಟರಿನ ಅಂಟನ್ನೆಲ್ಲ ಬಿಡಿಸಿತ್ತು. ಡ್ರೆಸ್ಸಿಂಗ್ ಒಂದು ಕಡೆ ಎದ್ದು ಜೋತಾಡುತ್ತಿತ್ತು.

“ಎಷ್ಟ್ ಸಲ ಹೇಳಿದೀನಿ! ನಾನೇನ್ ಗೋಡೆಗೆ ಹೇಳ್ತಿದ್ನಾ?” ಅವಳ ದನಿ ಬೀದಿಗೆ ಕೇಳುವಂತಿತ್ತು. “ಒಂದ್ ಗಂಟೆ ಆಚೆ ಹೋಗೋ ಹಾಗಿಲ್ಲ ನಾನು ಈ ಮನೇಲಿ!”

“ಅಕ್ಕನ್ನ ಬೈಬೇಡ ಕಣಮ್ಮ,” ಅಂದರು ಮಾವ ಮೆಲ್ಲಗೆ. “ನಾನೇ ಹಾಕು ಅಂದೆ. ಆಪರೇಷನ್ ಆದಾಗಿಂದ ತಲೆ ಮೇಲೆ ಒಂದ್ ಚೊಂಬು ನೀರ್ ಬಿದ್ದಿರ್ಲಿಲ್ಲ.”

ಶಿಲ್ಪಳ ಕೋಪ ಇಳಿಯಲಿಲ್ಲ. ಫೋಟೋ ತೆಗೆದು ಆಸ್ಪತ್ರೆಯ ಮಾಲಾ ಸಿಸ್ಟರ್‌ಗೆ ಕಳಿಸಿದಳು. ತಕ್ಷಣ ಫೋನ್ ಬಂತು. “ಈಗ್ಲೇ ಡ್ರೆಸ್ಸಿಂಗ್ ಬದಲಾಯ್ಸಿ. ಸುತ್ತ ಸ್ವಲ್ಪ ಕೆಂಪಗಿದೆ. ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ, ನೋಡ್ಬೇಕು. ಅಷ್ಟರೊಳಗೆ ಜ್ವರ ಬಂದ್ರೆ ಕಾಯ್ಬೇಡಿ.”

ಶಿಲ್ಪ ಮಾವನನ್ನು ಕೋಣೆಯಲ್ಲಿ ಮಲಗಿಸಿ, ಕೈ ತೊಳೆದು ಬಂದಳು. ಅಭ್ಯಾಸದಂತೆ ಬಾಗಿಲು ಹಾಕಲು ಹೋದವಳು ನಿಂತಳು.

“ದೊಡ್ಡಮ್ಮ, ಮೊಣಕೈವರೆಗೂ ಸೋಪ್ ಹಾಕಿ ಕೈ ತೊಳ್ಕೊಂಡು ಬನ್ನಿ. ಮಾಸ್ಕ್ ಕೊಡ್ತೀನಿ.”

“ನಾನ್ಯಾಕಮ್ಮ ಅಲ್ಲಿಗೆ?”

“ಬನ್ನಿ ಅಂದೆ.”

ಗೋಪಾಲಮ್ಮ ಬಂದು ಟಾರ್ಚ್ ಹಿಡಿದು ನಿಂತರು. ಹಳೆ ಡ್ರೆಸ್ಸಿಂಗ್ ತೆಗೆದಾಗ ಟಾರ್ಚಿನ ಬೆಳಕು ಗೋಡೆಗೆ ಸರಿಯಿತು.

“ಇದು... ಮೈಯೊಳಕ್ಕೇ ಓಗೈತಾ? ನಾನು ಮೇಲೆ ಅಂಟ್ಸವ್ರೆ ಅಂದ್ಕಂಡಿದ್ದೆ ಕಣಮ್ಮ. ಆಸ್ಪತ್ರೇಲಿ ಎದೆಗೆ ಅಂಟುಸ್ತಾರಲ್ಲ, ಅಂಗೆ.”

ಶಿಲ್ಪ ಸುತ್ತಲಿನ ಎಣ್ಣೆ ಒರೆಸತೊಡಗಿದಳು. ಇಷ್ಟು ದಿನ ಮುಟ್ಟಬೇಡಿ, ನೀರು ಹಾಕಬೇಡಿ ಅಂತ ಮನೆತುಂಬ ಕೂಗಿದ್ದಳೇ ಹೊರತು ಈ ತೂತನ್ನು ಗೋಪಾಲಮ್ಮನಿಗೆ ಒಮ್ಮೆಯೂ ತೋರಿಸಿರಲಿಲ್ಲ. ತೋರಿಸಲು ಪುರುಸೊತ್ತಾದರೂ ಎಲ್ಲಿತ್ತು? ಅದಕ್ಕೂ ಸಿಟ್ಟೇ ಬಂತು.

“ಬೆಳಕು ಇಲ್ಲಿ ಬಿಡಿ ದೊಡ್ಡಮ್ಮ.”

ಹೊಸ ಡ್ರೆಸ್ಸಿಂಗ್ ಅಂಟಿಸಿ, ವೈರು ಜಗ್ಗದಂತೆ ಪಟ್ಟಿ ಕಟ್ಟುವಷ್ಟರಲ್ಲಿ ಅಡುಗೆಮನೆಯಲ್ಲಿ ಒಬ್ಬಟ್ಟಿನ ಹೂರಣ ಒಣಗಿ ಗಟ್ಟಿಯಾಗಿತ್ತು. ಮಾವ ಕಣ್ಣುಮುಚ್ಚಿಕೊಂಡೇ, “ಏನಾದ್ರೂ ಅನ್ನು, ಸ್ನಾನ ಮಾತ್ರ ಚೆನ್ನಾಗಿತ್ತು,” ಅಂದರು.

“ನೀವ್ ಸುಮ್ನಿರಿ ಮಾವ.”

ಅವಳು ಹಣೆ ಮುಟ್ಟಿ ನೋಡಿದಳು. ಬಿಸಿ ಇರಲಿಲ್ಲ. ನಾಳೆಯವರೆಗೆ ಇನ್ನೆಷ್ಟು ಸಲ ಮುಟ್ಟಬೇಕೋ.

ಗೋಪಾಲಮ್ಮ ಬಾಗಿಲ ಹತ್ತಿರ ನಿಂತೇ ಇದ್ದರು. “ನಾಳೆ ಆಸ್ಪತ್ರೆಯಿಂದ ಬಂದ್ ಮ್ಯಾಲೆ ನಂಗೂ ಏಳ್ಕೊಡ್ತೀಯಾ?”

ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಅವರ ತುರುಬನ್ನು ಶಿಲ್ಪ ಒಂದು ಕ್ಷಣ ನೋಡಿದಳು.

“ತಲೆಗೆ ಸ್ನಾನ ಮಾಡ್ಕೊಂಡು ಬನ್ನಿ,” ಅಂದಳು. “ಆಮೇಲೆ ಎಣ್ಣೆ ಹಚ್ಕೋಬೇಡಿ.”