ಬಟ್ಟೆ ಒಗೆಯುವವಳಿದ್ದ ಚಿತ್ರ

ಪಕ್ಕದೂರು ಮೆಟುಚೆನ್‌ನಲ್ಲಿ ಯಾರದೋ ಮನೆ ಖಾಲಿ ಮಾಡುವ ಸೇಲ್‌ನಲ್ಲಿ ನನಗೊಂದು ಎಚಿಂಗ್ ಸಿಕ್ಕಿತು. ತಾಮ್ರದ ತಗಡಿನಲ್ಲಿ ಗೆರೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ, ಮುನ್ನೂರು ವರ್ಷ ಹಿಂದಿನ ಬರೋಕ್ ಕಾಲದ ಚಿತ್ರದ ಹಳೆಯ ಪ್ರತಿ. ಮುಕ್ಕಾಲು ಪಾಲು ಒಂದೇ ಮರ. ಪಕ್ಕದಲ್ಲಿ ಬಿರುಕು ಬಿಟ್ಟ ಕಲ್ಲಿನ ಕಮಾನು, ಅದರ ನೆತ್ತಿಯ ಮೇಲೆ ಗಿಡ ಹುಟ್ಟಿದೆ. ಎಡತುದಿಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕವಳೊಬ್ಬಳು ಹೊಳೆಗೆ ಬಗ್ಗಿ ಬಟ್ಟೆ ಒಗೆಯುತ್ತಿದ್ದಾಳೆ. ಕಮಾನು ಕಟ್ಟಿಸಿದ ದೊರೆಗಳನ್ನು ಕಾಡು ನುಂಗಿತ್ತು. ಇವಳ ಕೆಲಸ ಮಾತ್ರ ನಿಂತಿರಲಿಲ್ಲ. ಅವಳಿಗಾಗಿಯೇ ನಾನು ಅದನ್ನು ತಂದದ್ದು. ಅಡುಗೆಮನೆಯ ಗೋಡೆಗೆ ಒರಗಿಸಿಟ್ಟು, ಬೆಳಗಿನ ಕಾಫಿ ಹಿಡಿದು ಮೊದಲು ಅವಳನ್ನೇ ನೋಡುತ್ತಿದ್ದೆ.

ಫ್ಲೋರಲ್ ಪಾರ್ಕ್‌ನ ತಂಗಿ ಮನೆಯಲ್ಲಿ ನಾಲ್ಕು ದಿನ ಇದ್ದು ಬರುವಷ್ಟರಲ್ಲಿ ನಮ್ಮವರು ಚಿತ್ರಕ್ಕೆ ಫ್ರೇಮ್ ಹಾಕಿ ಗೋಡೆಗೆ ತೂಗುಹಾಕಿದ್ದರು. ಖುಷಿಯಾಯಿತು. ಹತ್ತಿರ ಹೋದೆ. ಹೊಳೆ ಅರ್ಧಕ್ಕೇ ನಿಂತಿತ್ತು.

"ರೀ, ಇಲ್ಲಿ ಬಟ್ಟೆ ಒಗೀತಿದ್ದೋಳು ಎಲ್ಲಿ?"

"ಯಾವೋಳೇ? ಇದ್ದಿದ್ದೇ ಇಷ್ಟು."

"ಇದ್ಲು ಕಣ್ರೀ. ತಲೆಗೆ ಬಟ್ಟೆ ಕಟ್ಕೊಂಡಿದ್ಲು."

"ಮ್ಯೂಸಿಯಮ್ಮಲ್ಲಿ ಇಂಥವು ನೂರು ನೋಡಿರ್ತೀಯ. ಯಾವ್ದೋ ಇನ್ನೊಂದು ಚಿತ್ರದೋಳು. ಕಣ್ಣು ಚೆಕ್ ಮಾಡಿಸ್ಕೋ."

ಮಾಡಿಸಿಕೊಂಡೆ. ಹೊಸ ಕನ್ನಡಕ ಬಂತು, ಅವಳು ಬರಲಿಲ್ಲ. ಫೋಟೋ ತೆಗೆದಿಟ್ಟಿರಲಿಲ್ಲ, ದಿನಾ ಎದುರಿಗೇ ಇರುವುದರ ಫೋಟೋ ಯಾರು ತೆಗೆಯುತ್ತಾರೆ? ಇಪ್ಪತ್ತೆರಡು ವರ್ಷ ಜೊತೆಗಿದ್ದವರು ಒಂದು ಕಾಗದದ ವಿಷಯಕ್ಕೆ ಸುಳ್ಳು ಹೇಳುತ್ತಾರೆಯೇ? ನಾನೇ ಮರೆಯುತ್ತಿದ್ದೇನೆ ಅಂದುಕೊಂಡೆ. ನಮ್ಮಮ್ಮನಿಗೂ ಮರೆವು ಹೀಗೇ ಶುರುವಾಗಿದ್ದು. ಚಳಿಗಾಲವಿಡೀ ಡಬ್ಬಿಗಳ ಮೇಲೆಲ್ಲ ಚೀಟಿ ಅಂಟಿಸಿದೆ, ಹೈವೇಯಲ್ಲಿ ಡ್ರೈವ್ ಮಾಡುವುದನ್ನು ಬಿಟ್ಟೆ.

ಯುಗಾದಿಗೆ ಊಟಕ್ಕೆ ಬಂದಿದ್ದ ಸ್ನೇಹಿತರೊಬ್ಬರು ಫ್ರೇಮ್ ಹೊಗಳಿದರು. ನಾನು ಒಬ್ಬಟ್ಟಿಗೆ ತುಪ್ಪ ಬಡಿಸುತ್ತಿದ್ದೆ.

"ರೆಡಿಮೇಡ್ ಫ್ರೇಮು," ಅಂದರು ನಮ್ಮವರು. "ಚಿತ್ರ ಹಿಡೀಲಿಲ್ಲ, ಎಡಗಡೆ ಎರಡಿಂಚು ಕತ್ತರಿಸ್ದೆ. ಯಾರೋ ಒಬ್ಳು ಬಟ್ಟೆ ಒಗೀತಿದ್ಲು, ಹೋದ್ಲು ಪಾಪ! ಇವಳಿಗೆ ತನ್ನ ಕಣ್ಣಿನ ಮೇಲೇ ಇನ್ನೂ ಡೌಟು."

ಎಲ್ಲರೂ ನಕ್ಕರು. ಆ ಸ್ನೇಹಿತರ ಮಗಳು ಮಾತ್ರ, "ಅಂಕಲ್, ದಟ್ಸ್ ಮೀನ್, ಹಾಗೆ ಮಾಡ್ಬಾರ್ದಿತ್ತು," ಅಂದಳು.

"ನಾನು ಹೆದರಿದ್ದು ನಿಮಗೆ ಗೊತ್ತಿತ್ತಲ್ಲ?" ಅಂದೆ.

"ಅಯ್ಯೋ, ಅವತ್ತು ನೀನು ಬೈತೀಯ ಅಂತ ಏನೋ ಹೇಳ್ದೆ. ಆಮೇಲೆ ಹೇಗೆ ಹೇಳೋದು? ಮರ, ಕಮಾನು ಎಲ್ಲಾ ಹಾಗೇ ಇದೆಯಲ್ಲೇ. ಇನ್ನೊಂದು ಒಬ್ಬಟ್ಟು ಹಾಕು."

ಹಾಕಿದೆ. ಜನರೆದುರು ಇನ್ನೇನು ಮಾಡಲಿ?

ಈಗಲೂ ಎಲ್ಲಿಗಾದರೂ ಹೊರಟಾಗ, ಕಾರಿನಲ್ಲಿ ಕೂತು, "ಬಾಗಿಲು ಹಾಕಿದ್ದೀನಿ ಕಣೇ," ಅನ್ನುತ್ತಾರೆ. ನಾನು ಇಳಿದು ಹೋಗಿ, ಹಿಡಿಕೆ ಒಮ್ಮೆ ತಿರುಗಿಸಿ ನೋಡಿ ಬರುತ್ತೇನೆ.